ಕಮಿಟ್‌ಗೆ ಮೊದಲೇ ಹೋದ ಮೆಸೇಜು

ಅವತ್ತು ಸರ್ವರ್ ಬಿದ್ದಿತ್ತು ಎಂದೇ ಈಗಲೂ ಹೇಳುತ್ತಾರೆ. ಬೀದರದಲ್ಲಿ ನಮ್ಮ ಕಸುಬಿನವರನ್ನು ಯಾರನ್ನೇ ಕೇಳಿ, ಸಂತಪುರದ ಹುಡುಗಿಯ ಸೀಟಿನ ವಿಷಯ ಎತ್ತಿ, ಉತ್ತರ ಸಿದ್ಧವಿರುತ್ತದೆ: "ಲೋಡ್ ಭಾಳ ಆಗಿತ್ರಿ, ಸರ್ವರ್ ಬಿತ್ತು, ಯಾರ ಕೈಯಾಗೂ ಇರ್ಲಿಲ್ಲ." ನಾನು ಎರಡೇ ಪ್ರಶ್ನೆ ಕೇಳುತ್ತೇನೆ. ಸರ್ವರ್ ಬಿದ್ದಿದ್ದರೆ ಅದೇ ದಿನ, ಅದೇ ಗಂಟೆಯಲ್ಲಿ, ಆ ಹುಡುಗಿಯ ಹಿಂದಿನವಳ ಮತ್ತು ಮುಂದಿನವಳ ಹೆಸರು ದಾಖಲಾದದ್ದು ಹೇಗೆ? ಬಿದ್ದ ಸರ್ವರ್ ಅವಳ ಮನೆಗೆ 'ನಿಮಗೆ ಸೀಟು ಸಿಕ್ಕಿದೆ' ಎಂದು ಮೆಸೇಜು ಕಳಿಸಿದ್ದು ಹೇಗೆ? ಇವೆರಡಕ್ಕೆ ಉತ್ತರ ಕೊಟ್ಟವರು ಇನ್ನೂ ಸಿಕ್ಕಿಲ್ಲ. ಸಿಗುವುದೂ ಇಲ್ಲ, ಏಕೆಂದರೆ ಅವತ್ತು ಸರ್ವರ್ ಗಟ್ಟಿಯಾಗಿ ನಿಂತಿತ್ತು. ತನಗೆ ಬರೆದುಕೊಟ್ಟದ್ದನ್ನು ಒಂದಕ್ಷರ ಬಿಡದೆ ಮಾಡಿತ್ತು. ಬರೆದುಕೊಟ್ಟವಳು ನಾನು.

ಒಂಬತ್ತು ವರ್ಷ ಈ ಕೆಲಸ ಮಾಡಿ ಮೂವತ್ತೆರಡಕ್ಕೆ ನಿವೃತ್ತಳಾಗಿದ್ದೇನೆ. ನಿವೃತ್ತಿ ಎಂದರೆ ಭಾಲ್ಕಿಯ ನನ್ನ ಸೋದರತ್ತೆ ನಗುತ್ತಾಳೆ: "ಹಾರ ಶಾಲು ಹಾಕಿ ಕಳಸ್ಯಾರೇನವ್ವಾ, ಇಲ್ಲಾ ಹಂಗೇ ಹೊರಗ ಹಾಕ್ಯಾರ?" ಎರಡೂ ಅಲ್ಲ. ನಾನೇ ಎದ್ದು ಬಂದೆ, ಮತ್ತೆ ಆ ಕುರ್ಚಿಗೆ ಹೋಗುವುದಿಲ್ಲ, ಅದಕ್ಕೆ ಬೇರೆ ಹೆಸರು ನನಗೆ ಗೊತ್ತಿಲ್ಲ. ಈಗ ನಮ್ಮ ಕಡೆಯ ಕಾಲೇಜುಗಳಿಂದ ಹೊರಬೀಳುವ ಹುಡುಗ ಹುಡುಗಿಯರು ಊರಲ್ಲೇ ಇದ್ದುಕೊಂಡು ಇದೇ ಕೆಲಸಕ್ಕೆ ಸೇರುತ್ತಿದ್ದಾರೆ. ಅವರಿಗೆ ಕೋಡ್ ಬರೆಯುವುದನ್ನು ಕಲಿಸಲು ಜನರಿದ್ದಾರೆ, ಪುಸ್ತಕಗಳಿವೆ, ಈಚೆಗೆ ಕೇಳಿದ ತಕ್ಷಣ ಬರೆದುಕೊಡುವ ಯಂತ್ರಗಳೂ ಇವೆ. ಕುರ್ಚಿಯ ಮೇಲೆ ಕೂತಾಗ ಏನಾಗುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ನಮ್ಮ ಕಂಪನಿ ಬೀದರದಲ್ಲಿ ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಆರು ಜನ, ಎರಡು ಕಿಟಕಿ. ಮಾಲೀಕರು ವಿಶ್ವನಾಥ ಸರ್. ಆಸ್ಪತ್ರೆ, ಕಾಲೇಜು, ಹಾಸ್ಟೆಲುಗಳಿಗೆ ವೆಬ್ ಮೇಲೆ ನಡೆಯುವ ಅಪ್ಲಿಕೇಶನ್ ಮಾಡಿಕೊಡುವುದು ನಮ್ಮ ಕೆಲಸ. ಸಂದರ್ಶನದ ದಿನ ಅವರು ನನ್ನ ಅರ್ಜಿ ತಿರುವಿ ಹಾಕಿದರು.

"ಕಾಲೇಜಿನಾಗ ಡಿಬೇಟ್ ಕಪ್ ಗೆದ್ದೀನಿ ಅಂತ ಬರದೀರಲ್ಲ. ಕೋಡಿನ ಕೂಡಾನೂ ವಾದ ಮಾಡ್ತೀರೇನು?"

"ಕೋಡ್ ತಪ್ಪು ಮಾಡಿದ್ರ ಮಾಡ್ತೀನ್ರಿ ಸರ್."

"ಕೋಡ್ ತಪ್ಪು ಮಾಡಂಗಿಲ್ಲವ್ವ. ಬರದವರು ಮಾಡ್ತಾರ."

ಒಂಬತ್ತು ವರ್ಷದಲ್ಲಿ ಅವರ ಬಾಯಿಂದ ನಾನು ಕೇಳಿದ ಅತ್ಯಂತ ಖರೆ ಮಾತು ಅದು, ಮೊದಲ ದಿನವೇ ಖರ್ಚಾಗಿ ಹೋಯಿತು.

ಕೆಲಸ ಕಲಿಸಿದವರು ಫಾರೂಕ್ ಭಾಯಿ. ನನಗಿಂತ ಹನ್ನೆರಡು ವರ್ಷ ದೊಡ್ಡವರು, ಮಾತು ಕಡಿಮೆ. ನಾನು ಬರೆದ ಮೊದಲ ಕೋಡ್ ನೋಡಿ ಕೀಲಿಮಣೆಯನ್ನು ಪಕ್ಕಕ್ಕೆ ಸರಿಸಿ ಕೇಳಿದರು: "ತಂಗಿ, ಎತ್ತಿನ ಸಂತಿ ನೋಡೀಯೇನು?"

"ನೋಡೀನ್ರಿ."

"ಇಬ್ಬರು ಎತ್ತು ಬದಲಿ ಮಾಡ್ಕೋತಾರ. ಇವನ ಹಗ್ಗ ಅವನ ಕೈಗೆ ಹೋಗ್ಬೇಕು, ಅವನ ಹಗ್ಗ ಇವನ ಕೈಗೆ ಬರ್ಬೇಕು. ಒಬ್ಬ ಕೊಟ್ಟ, ಇನ್ನೊಬ್ಬ ಕೊಡ್ಲಿಲ್ಲ ಅಂದ್ರ?"

"ಬಡದಾಟ."

"ಅದು ಆಗಬಾರದಂತ ಡೇಟಾಬೇಸಿನಾಗ ಒಂದು ಪದ್ಧತಿ ಅದ. ಮೊದಲ ಶುರು ಅನ್ಬೇಕು. ಬರಿಯೋದೆಲ್ಲಾ ಬರೀಬೇಕು. ಕಡೀಗಿ ಪಕ್ಕಾ ಅನ್ಬೇಕು, ಅದೇ ಕಮಿಟ್. ನಡುವ ಏನರ ಕೆಟ್ಟಿತು ಅಂದ್ರ ರೋಲ್‌ಬ್ಯಾಕ್. ಅವನ ಎತ್ತು ಅವನ ಕಡಿ, ಇವನ ಎತ್ತು ಇವನ ಕಡಿ. ಇಬ್ಬರೂ ಸಂತಿಗೇ ಬಂದಿಲ್ಲ ಅನ್ನಂಗ. ಈ ಇಡೀ ಗಂಟಿಗೆ ಟ್ರಾನ್ಸಾಕ್ಷನ್ ಅಂತಾರ."

ನಾನು ಸುಮ್ಮನಿರುವವಳಲ್ಲ. "ಬಂದಿಲ್ಲ ಅಂದ್ರ ಹ್ಯಾಂಗ ಭಾಯಿ? ಸಂತ್ಯಾಗಿನ ಮಂದಿ ನೋಡಿರ್ತಾರಲ್ಲ?"

ಫಾರೂಕ್ ಭಾಯಿ ಮೊದಲ ಸಲ ನನ್ನ ಮುಖವನ್ನು ಸರಿಯಾಗಿ ನೋಡಿದರು. "ಶಾಣ್ಯಾ ಇದ್ದಿ. ಡೇಟಾಬೇಸಿನ ಒಳಗಿಂದಷ್ಟ ವಾಪಸ್ ಬರ್ತದ. ಹೊರಗ ಹೋಗಿದ್ದು ಬರಂಗಿಲ್ಲ. ಹಾಕಿದ ಇ-ಮೇಲ್, ಕಳಿಸಿದ ಮೆಸೇಜ್, ಆಡಿದ ಮಾತು, ಇವಕ್ಕ ರೋಲ್‌ಬ್ಯಾಕ್ ಇಲ್ಲ. ಅದಕ್ಕ ಹೊರಗಿನ ಕೆಲಸ ಯಾವಾಗಲೂ ಕಮಿಟ್ ಆದ ಮ್ಯಾಲ."

ಇಡೀ ವಿದ್ಯೆ ಇಷ್ಟೇ. ಉಳಿದದ್ದೆಲ್ಲ ಇದನ್ನು ಮರೆಯುವ ಬಗೆಗಳು.

ನಾನು ಮರೆತ ಮೊದಲ ಬಗೆ ಭಾಲ್ಕಿ ತಾಲ್ಲೂಕಿನ ಕುರಿಗಳಿಗೆ ಗೊತ್ತು. ಕುರಿಗಳಿಗೆ ಲಸಿಕೆ ಹಾಕುವ ಶಿಬಿರಗಳಿಗೆ ನಾವೊಂದು ಅಪ್ಲಿಕೇಶನ್ ಮಾಡಿದ್ದೆವು. ಒಂದು ಕುರಿಗೆ ಸೂಜಿ ಹಾಕಿದರೆ ದಾಸ್ತಾನಿನಲ್ಲಿ ಒಂದು ಡೋಸ್ ಕಡಿಮೆಯಾಗಬೇಕು, ಕುರಿಯ ಕಿವಿಯ ಬಿಲ್ಲೆಯ ಫೋಟೋ ಸೇರಬೇಕು. ಕೋಡಿನಲ್ಲಿ ನಾನು ಶುರು ಎಂದೆ, ಎಲ್ಲ ಶಿಬಿರಗಳಿಗೂ ಒಂದೇ ಆಗಿದ್ದ ದಾಸ್ತಾನಿನ ಲೆಕ್ಕದ ಸಾಲನ್ನು ಬೇರೆಯವರು ಮುಟ್ಟದಂತೆ ಹಿಡಿದುಕೊಂಡೆ, ಡೋಸ್ ಕಳೆದೆ, ಆಮೇಲೆ ಫೋಟೋ ಕಳಿಸಿ ಪಕ್ಕಾ ಎಂದೆ. ಆಫೀಸಿನಲ್ಲಿ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತಿತ್ತು. ಹೊಲದ ನಡುವೆ ನೆಟ್‌ವರ್ಕ್ ಕುಂಟುತ್ತದೆ, ಫೋಟೋ ಹೋಗಲು ಹೊತ್ತು ಹಿಡಿಯುತ್ತದೆ, ಅಷ್ಟೂ ಹೊತ್ತು ಆ ಸಾಲು ನನ್ನ ಮುಷ್ಟಿಯಲ್ಲೇ ಇರುತ್ತದೆ ಎಂಬುದು ನನ್ನ ತಲೆಗೆ ಬಂದಿರಲಿಲ್ಲ. ಒಂದೂರಿನ ಫೋಟೋಗೆ ನಾಲ್ಕೂರಿನ ಕುರಿ ಕಾಯ್ದವು.

ಶಿಬಿರದ ಕಂಪೌಂಡರ್ ಶಿವಪ್ಪನವರು ಫೋನು ಮಾಡಿದರು. "ಮೇಡಮ್, ಕುರಿ ನಿಂತಾವ, ಔಷಧ ನಿಂತದ, ನಾ ನಿಂತೀನಿ. ಪರದೆ ಮ್ಯಾಲಿನ ನಿಮ್ಮ ಚಕ್ರ ಒಂದೇ ತಿರಗ್ಲಕತ್ತದ."

ಬಸ್ಸು ಹಿಡಿದು ಹೋದೆ. ಐಸ್ ಡಬ್ಬಿಯ ಮೇಲೆ ಒದ್ದೆ ಗೋಣಿ ಹೊದಿಸಿದ್ದರು. ಒಬ್ಬ ಮುದುಕಿ ಎರಡೂ ತೊಡೆಗಳ ನಡುವೆ ಒಂದು ಟಗರನ್ನು ಒತ್ತಿ ಹಿಡಿದು ನಿಂತಿದ್ದಳು. ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿ ಕೇಳಿದಳು: "ಯವ್ವಾ, ಕುರಿಗಿ ಸೂಜಿ ಚುಚ್ಚಾಕ ಕಂಪ್ಯೂಟರನ ಅಪ್ಪಣಿ ಬೇಕೇನ? ನಮ್ಮತ್ತಿ ಕಾಲಕ್ಕ ಕುರೀನೂ ಕೇಳ್ತಿರಲಿಲ್ಲ." ಸುತ್ತಲಿನವರು ನಕ್ಕರು. ನಾನೂ ನಕ್ಕೆ. ವಾದಕ್ಕೆ ಜಾಗವಿರಲಿಲ್ಲ.

ಎರಡು ದಿನದಲ್ಲಿ ಸರಿ ಮಾಡಿದೆ. ಫೋಟೋ ಮೊದಲು ಹೋಗಲಿ, ಹೋದ ಮೇಲೆ ಶುರು ಎನ್ನಲಿ, ಎರಡು ಸಾಲು ಬರೆದು ತಕ್ಷಣ ಪಕ್ಕಾ ಎನ್ನಲಿ. ಟ್ರಾನ್ಸಾಕ್ಷನ್ ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು. ಇದನ್ನು ಕಲಿತದ್ದು ಆ ಮುದುಕಿಯ ಪುಣ್ಯ. ಆದರೆ ಅದೇ ವಾರ ಇನ್ನೊಂದನ್ನೂ ಕಲಿತೆ. ವಿಶ್ವನಾಥ ಸರ್ ಶಿಬಿರ ನಡೆಸುವ ದನದ ಡಾಕ್ಟರರಿಗೆ ಫೋನಿನಲ್ಲಿ, "ನೆಟ್‌ವರ್ಕಿನವರದು ತಪ್ಪರಿ, ನಮ್ಮ ಹುಡುಗಿ ಹೋಗಿ ಸುಧಾರಿಸಿ ಬಂದಾಳ" ಎಂದರು. ತಪ್ಪು ಮಾಡಿದವಳು ಸುಧಾರಿಸಿದವಳಾದೆ. ನನಗೆ ಒಳಗೊಳಗೆ ಹಿತವೆನಿಸಿತು. ಅದನ್ನು ಬರೆಯದೆ ಬಿಟ್ಟರೆ ಈ ಬರಹಕ್ಕೆ ಬೆಲೆಯಿಲ್ಲ.

ವರ್ಷಗಳು ಹೋದಂತೆ ಕೆಲಸದ ರೀತಿ ಬದಲಾಯಿತು. ಮೊದಮೊದಲು ಶುರು, ಪಕ್ಕಾ, ವಾಪಸ್ ಮೂರನ್ನೂ ನಾವೇ ಕೈಯಾರೆ ಬರೆಯುತ್ತಿದ್ದೆವು. ಎಲ್ಲಿ ಬಾಗಿಲು ತೆರೆಯಿತು, ಎಲ್ಲಿ ಮುಚ್ಚಿತು ಎಂದು ಕಣ್ಣಿಗೆ ಕಾಣುತ್ತಿತ್ತು. ಆಮೇಲೆ ಬಂದ ಸಿದ್ಧ ಚೌಕಟ್ಟುಗಳಲ್ಲಿ, ಅಂದರೆ ಫ್ರೇಮ್‌ವರ್ಕುಗಳಲ್ಲಿ, ಕೆಲಸದ ತಲೆಯ ಮೇಲೆ ಒಂದು ಪದ ಬರೆದರೆ ಸಾಕು, ಬಾಗಿಲು ತಾನೇ ತೆರೆದು ತಾನೇ ಮುಚ್ಚುತ್ತದೆ. ಬಹಳ ಅನುಕೂಲ. ಅನುಕೂಲವಾದದ್ದರಿಂದಲೇ ಹೊಸಬರಿಗೆ ತಾವು ಒಳಗಿದ್ದೇವೋ ಹೊರಗಿದ್ದೇವೋ ಗೊತ್ತಾಗದೇ ಹೋಯಿತು. "ಇಲ್ಲಿ ಕಮಿಟ್ ಎಲ್ಲಿ ಆಗ್ತದ?" ಎಂದು ಕೇಳಿದರೆ, "ಅದು ತಾನೇ ಆಗ್ತದ ಮೇಡಮ್" ಎನ್ನುತ್ತಿದ್ದರು, ಸೂರ್ಯ ಮುಳುಗುವುದನ್ನು ಹೇಳಿದ ಹಾಗೆ.

ಇದಕ್ಕಿಂತ ಕೆಟ್ಟ ಬದಲಾವಣೆ ಔರಾದದಲ್ಲಿ ಹುಟ್ಟಿತು. ಅಲ್ಲೊಂದು ಖಾಸಗಿ ಆಸ್ಪತ್ರೆಗೆ ಅಪ್ಲಿಕೇಶನ್ ತೋರಿಸಲು ಹೋಗಿದ್ದೆವು. ರೋಗಿಯ ಹೆಸರು ಎರಡು ಸಲ ಒತ್ತಿದ್ದಕ್ಕೆ ಡೇಟಾಬೇಸ್ ಒಪ್ಪಲಿಲ್ಲ, ಪರದೆಯ ತುಂಬ ಕೆಂಪು ಅಕ್ಷರ ಬಂತು. ಅದು ಸರಿಯಾದ ನಡತೆ. ತಪ್ಪನ್ನು ತಡೆದು, ತಡೆದಿದ್ದೇನೆ ಎಂದು ಹೇಳಿತ್ತು. ಹಿರಿಯ ಡಾಕ್ಟರು ಕನ್ನಡಕ ಏರಿಸಿ ನೋಡಿದರು: "ಏನ್ರೀ ವಿಶ್ವನಾಥ, ನಿಮ್ಮ ಕಂಪ್ಯೂಟರಿಗೇ ರಕ್ತ ಬರ್ಲಕತ್ತದಲ್ಲ. ಮೊದಲ ಅದಕ್ಕ ಅಡ್ಮಿಟ್ ಮಾಡೂಣೇನು?"

ನರ್ಸುಗಳು ನಕ್ಕರು. ಸರ್ ನಗಲಿಲ್ಲ. ವಾಪಸ್ ಬರುವಾಗ ಕಾರು ಸಂತಪುರ ದಾಟಿತು. ಆಮೇಲೆ ಮುಂದಿನ ಸೀಟಿನಿಂದ ತಿರುಗದೆಯೇ ಹೇಳಿದರು: "ಇವತ್ತಿನಿಂದ ನಮ್ಮ ಪರದೆ ಮ್ಯಾಲೆ ಕೆಂಪು ಕಾಣಬಾರದು. ಒಳಗ ಏನರ ಕೆಡ್ಲಿ, ಸರ್ವರಿನ ಲಾಗ್ ಫೈಲಿನಾಗ ಬರ್ಕೋರಿ. ಹೊರಗ ಹಸಿರು."

"ಸರ್, ಆಗದ ಕೆಲಸಕ್ಕ ಆಯ್ತು ಅಂದಂಗ ಆಗ್ತದ್ರಿ ಅದು."

"ಸ್ವೀಕರಿಸಲಾಗಿದೆ ಅಂತ ಬರಿ. ಸ್ವೀಕರಿಸೋದು ಬ್ಯಾರೆ, ಆಗೋದು ಬ್ಯಾರೆ. ಡಿಬೇಟಿನಾಕಿ, ಇಷ್ಟು ತಿಳಿಯಂಗಿಲ್ಲ?"

ಆಫೀಸಿಗೆ ಬಂದ ಮೇಲೂ ಅರ್ಧ ತಾಸು ವಾದಿಸಿದೆ. ಸ್ಪರ್ಧೆಯಲ್ಲಿ ತೀರ್ಪುಗಾರರು ಬೇರೆ, ಎದುರಾಳಿ ಬೇರೆ. ಆಫೀಸಿನಲ್ಲಿ ಇಬ್ಬರೂ ಒಬ್ಬರೇ. ಸೋತೆ. ಅಂದಿನಿಂದ ನಮ್ಮ ಎಲ್ಲ ಕೋಡಿನ ಕೊನೆಗೂ ದೋಷ ಹಿಡಿಯುವ ಒಂದು ಬಲೆ ಇರುತ್ತಿತ್ತು: ಯಾವ ದೋಷ ಬಂದರೂ ಹಿಡಿ, ಸರ್ವರಿನ ಲಾಗ್ ಕಡತದಲ್ಲಿ ಒಂದು ಸಾಲು ಬರಿ, ಪರದೆಗೆ ಹಸಿರು ಗುರುತು ಕಳಿಸು. ಆ ಕಡತವನ್ನು ಯಾರೂ ತೆರೆಯುತ್ತಿರಲಿಲ್ಲ.

ಇನ್ನು ಸಂತಪುರದ ಹುಡುಗಿಯ ವಿಷಯ.

ಬೀದರದ ಒಂದು ಟ್ರಸ್ಟು ಹುಡುಗಿಯರಿಗಾಗಿ ವಸತಿ ಕಾಲೇಜು ನಡೆಸುತ್ತದೆ, ಪಿಯುಸಿ ಸೈನ್ಸ್. ಅಂಕಗಳ ಪ್ರಕಾರ ಸೀಟು ಹಂಚುವ ಅಪ್ಲಿಕೇಶನ್ ನಮ್ಮದು. ಗುಮಾಸ್ತ ಒಂದು ಹೆಸರಿನ ಮೇಲೆ ಒತ್ತಿದರೆ ನಾಲ್ಕು ಕೆಲಸ ಆಗಬೇಕು: ಸೀಟು ಒಂದು ಕಡಿಮೆ, ಹುಡುಗಿಯ ಹೆಸರು ಪಟ್ಟಿಗೆ, ಹಾಸ್ಟೆಲಿನಲ್ಲಿ ಒಂದು ಮಂಚ, ಮನೆಗೆ ಒಂದು ಮೆಸೇಜು. ಮೊದಲ ಮೂರು ಟ್ರಾನ್ಸಾಕ್ಷನ್ ಒಳಗೆ. ಮೆಸೇಜು, ಫಾರೂಕ್ ಭಾಯಿ ಕಲಿಸಿದ ಹಾಗೆ, ಕಮಿಟ್ ಆದ ಮೇಲೆ. ಹಾಗೆಯೇ ಬರೆದಿದ್ದೆವು.

ಟ್ರಸ್ಟಿನ ಕಾರ್ಯದರ್ಶಿಗಳಿಗೆ ತೋರಿಸಿದ ದಿನ ಅವರು ತಮ್ಮ ಫೋನನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂತರು. ನಮ್ಮ ಕಡೆಯ ಹಿರಿಯರಿಗೆ ಪರದೆಯ ಮೇಲೆ ನಂಬಿಕೆ ಇಲ್ಲ. ಫೋನು ಗುಂಯ್ ಎಂದರೆ ಕೆಲಸ ಆಯಿತು ಎಂದರ್ಥ. ಪರದೆ ಹಸಿರಾಯಿತು. ಫೋನು ಸುಮ್ಮನಿತ್ತು. ಸ್ವಲ್ಪ ಹೊತ್ತಿನ ಮೇಲೆ ಬಂತು. ಅಷ್ಟರಲ್ಲಿ ಅವರ ಮುಖ ಸಪ್ಪಗಾಗಿತ್ತು. ಸರ್‌ಗೆ ಅದು ಸಾಕಾಯಿತು.

"ಮೆಸೇಜ್ ಮೊದಲ ಹೋಗ್ಲಿ. ಪರದೆ ಹಸಿರಾಗೋದ್ರೊಳಗ ಫೋನ್ ನಡುಗಬೇಕು."

ಫಾರೂಕ್ ಭಾಯಿ ತಲೆ ಅಲ್ಲಾಡಿಸಿದರು. "ಸರ್, ಹಂಗ ಮಾಡಬಾರದು. ಕಳಿಸೋ ಮೆಸೇಜಿನ ಚೀಟಿ ಟ್ರಾನ್ಸಾಕ್ಷನ್ ಒಳಗೇ ಬರದಿಡೂಣ. ಕಮಿಟ್ ಆದ ಮ್ಯಾಲೆ ಬ್ಯಾರೆ ಪ್ರೋಗ್ರಾಮ್ ಆ ಚೀಟಿ ನೋಡಿ ಕಳಸ್ತದ. ಒಂದು ನಿಮಿಷ ತಡ ಆಗ್ತದ, ಆದ್ರ ಸುಳ್ಳಾಗಂಗಿಲ್ಲ."

"ಒಂದು ನಿಮಿಷ ತಡ ಆಗಿದ್ದಕ್ಕೇ ಅವರ ಮಾರಿ ನೋಡ್ದಿಯಲ್ಲ?"

"ನಾ ಮಾಡಂಗಿಲ್ಲ ಸರ್."

ಸರ್ ನನ್ನ ಕಡೆ ತಿರುಗಿದರು. ಕೆಲಸ ಬಹಳ ಸಣ್ಣದು. ಮೆಸೇಜು ಕಳಿಸುವ ಸಾಲನ್ನು ಕತ್ತರಿಸಿ ಆರು ಸಾಲು ಮೇಲೆ ಅಂಟಿಸಬೇಕು, ಮಂಚ ಹಂಚುವ ಸಾಲಿಗಿಂತ ಮೊದಲು. ನನಗೆ ಗೊತ್ತಿಲ್ಲದೆ ಮಾಡಿದೆ ಎನ್ನಲು ಬರುವುದಿಲ್ಲ. ಗೊತ್ತಿತ್ತು. ಆ ಮೂರು ಕೆಲಸಗಳಲ್ಲಿ ಒಂದೂ ಕೆಡುವುದಿಲ್ಲ ಬಿಡು ಎಂದುಕೊಂಡೆ. ಅಂಟಿಸಿದೆ. ಮರುದಿನ ಕಾರ್ಯದರ್ಶಿಗಳ ಫೋನು ಪರದೆಗಿಂತ ಮೊದಲು ನಡುಗಿತು, ಎಲ್ಲರೂ ಚಹಾ ಕುಡಿದೆವು.

ಹಂಚಿಕೆಯ ದಿನ ಎರಡು ಕೌಂಟರ್ ನಡೆದಿದ್ದವು. ಅಂಬಿಕಾ ಎಂಬ ಹುಡುಗಿಯ ಹೆಸರಿಗೆ ಒಂದನೇ ಕೌಂಟರಿನ ಗುಮಾಸ್ತ ಒತ್ತಿದ. ಅದೇ ಕ್ಷಣಕ್ಕೆ ಎರಡನೇ ಕೌಂಟರಿನವನು ಬೇರೊಬ್ಬಳಿಗೆ ಅದೇ ಮಂಚ ಕೊಟ್ಟ. ಅಂಬಿಕಾಳ ಸೀಟು ಕಡಿಮೆಯಾಯಿತು, ಹೆಸರು ಪಟ್ಟಿಗೆ ಬಂತು, ಮೆಸೇಜು ಹೋಯಿತು, ಮಂಚದ ಹತ್ತಿರ ಬಂದಾಗ ಡೇಟಾಬೇಸ್ ಒಪ್ಪಲಿಲ್ಲ. ಒಂದು ಮಂಚಕ್ಕೆ ಇಬ್ಬರಿಲ್ಲ ಎಂದಿತು. ರೋಲ್‌ಬ್ಯಾಕ್. ಸೀಟು ವಾಪಸ್, ಹೆಸರು ವಾಪಸ್. ಮೆಸೇಜು ಕಳಿಸಿದ್ದೇವೆ ಎಂದು ನಮ್ಮ ಡೇಟಾಬೇಸಿನಲ್ಲಿ ಬರೆದುಕೊಳ್ಳುವ ಸಾಲೂ ಅದೇ ಟ್ರಾನ್ಸಾಕ್ಷನ್ ಒಳಗಿತ್ತು, ಅದೂ ಅಳಿಸಿಹೋಯಿತು. ಮೆಸೇಜು ಮಾತ್ರ ಸಂತಪುರ ಮುಟ್ಟಿತು. ನಮ್ಮ ಬಲೆ ದೋಷವನ್ನು ಹಿಡಿದು ಗುಮಾಸ್ತನಿಗೆ ಹಸಿರು ತೋರಿಸಿತು. ಅವನು ಮುಂದಿನ ಹೆಸರಿಗೆ ಹೋದ. ಸಂಜೆ ಒಂದು ಸೀಟು ಉಳಿದಿದೆ ಎಂದು ಪಟ್ಟಿ ಹೇಳಿತು, ಕೆಳಗಿನವಳಿಗೆ ಕೊಟ್ಟರು.

ಅಂಬಿಕಾಳ ಅಪ್ಪ ಮಾಳಪ್ಪನವರು. ಸ್ವಲ್ಪ ಹೊಲ, ಒಂದು ಹಿಂಡು ಕುರಿ. ಮನೆಗೆಲ್ಲ ಒಂದೇ ಫೋನು, ಅಪ್ಪ ಕುರಿಯ ಹಿಂದೆ ಹೋದಾಗ ಮಗಳ ಕೈಯಲ್ಲಿ ಇರುತ್ತಿತ್ತು. ಮೆಸೇಜು ನೋಡಿದ ಮರುದಿನವೇ ಔರಾದಕ್ಕೆ ಹೋಗಿ, ಅಲ್ಲಿನ ಕಾಲೇಜಿನಲ್ಲಿ ಅವಳಿಗೆ ಸಿಕ್ಕಿದ್ದ ಸೈನ್ಸ್ ಸೀಟು ಬಿಟ್ಟು, ಟಿ.ಸಿ. ವಾಪಸ್ ತಂದರು. ಕಾಲೇಜು ಶುರುವಾಗುವ ದಿನ ಟ್ರಂಕು ಹಾಸಿಗೆ ಹೊತ್ತು ಬೀದರಕ್ಕೆ ಬಂದರೆ ಪಟ್ಟಿಯಲ್ಲಿ ಹೆಸರಿಲ್ಲ. ಔರಾದಕ್ಕೆ ಓಡಿದರೆ, "ಸೈನ್ಸ್ ತುಂಬ್ಯಾದ, ಆರ್ಟ್ಸ್ ಬೇಕಂದ್ರ ನೋಡ್ರಿ" ಎಂದರು.

ದೂರು ನಮ್ಮ ಆಫೀಸಿಗೆ ಬಂದ ದಿನ ನಾನು ಮೊದಲ ಬಾರಿಗೆ ಆ ಲಾಗ್ ಕಡತವನ್ನು ತೆರೆದೆ. ಹುಡುಕುವುದಕ್ಕೆ ಹೊತ್ತು ಹಿಡಿಯಲಿಲ್ಲ. ಅವಳ ಅರ್ಜಿಯ ಸಂಖ್ಯೆ, ಮಂಚದ ಸಂಖ್ಯೆ, ನಿರಾಕರಣೆ, ರೋಲ್‌ಬ್ಯಾಕ್. ಒಂದೇ ಸಾಲು. ಫಾರೂಕ್ ಭಾಯಿಗೆ ತೋರಿಸಿದೆ. ಅವರು ಓದಿ ಕುರ್ಚಿಗೆ ಒರಗಿದರು, 'ನಾನು ಹೇಳಿದ್ದೆ' ಎನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಸರ್‌ಗೆ ತೋರಿಸಿದೆ. ಅವರು ಬಾಗಿಲು ಮುಚ್ಚಿದರು.

"ಇದು ಯಾರಿಗೆ ಗೊತ್ತದ?"

"ನಮ್ಮ ಮೂರು ಮಂದಿಗ್ರಿ."

"ಹಂಗಾದ್ರ ಇಲ್ಲೇ ಇರ್ಲಿ. ಒಂದು ಹುಡುಗಿ ಸೀಟಿನ ಸಲುವಾಗಿ ಆರು ಮಂದಿ ಕೆಲಸ ಕಳಕೋಬೇಕೇನು? ನಾಳಿ ಟ್ರಸ್ಟಿನಾಗ ಕರದಾರ. ನೀ ಮಾತಾಡು. ಸುಳ್ಳ ಹೇಳು ಅನ್ನಂಗಿಲ್ಲ ನಾ. ಕೇಳಿದ್ದಕ್ಕ ಅಷ್ಟ ಉತ್ತರ ಕೊಡು."

ಚರ್ಚಾಸ್ಪರ್ಧೆಯಲ್ಲಿ ನಮಗೆ ಚೀಟಿ ಎತ್ತಿಸುತ್ತಿದ್ದರು. ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಚೀಟಿ ನೋಡಿ ಮುಖ ಕಿವಿಚಿದವರು ಸೋಲುತ್ತಾರೆ ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ನಾನು ಕಿವಿಚಲಿಲ್ಲ.

ಟ್ರಸ್ಟಿನ ಕೋಣೆಯಲ್ಲಿ ಕಾರ್ಯದರ್ಶಿಗಳು, ಪ್ರಿನ್ಸಿಪಾಲ್ ಮೇಡಮ್, ಈ ಬದಿಗೆ ನಾವು ಮೂವರು ಕೂತಿದ್ದೆವು. ಅಪ್ಪ ಮಗಳು ನಿಂತಿದ್ದರು. ಮಾಳಪ್ಪನವರು ಗಾಜು ಸೀಳಿದ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದರು. "ನೋಡ್ರಿ ಸಾಹೇಬ್ರ, ನಿಮ್ಮದೇ ಮೆಸೇಜ್ ಅದ."

ಕಾರ್ಯದರ್ಶಿಗಳು ಫೋನು ಮುಟ್ಟಲಿಲ್ಲ. ನನ್ನನ್ನು ಕೇಳಿದರು: "ಈ ಹುಡುಗಿ ಹೆಸರು ನಿಮ್ಮ ಪಟ್ಟಿಗೆ ಬಂದಿತ್ತೇನ್ರಿ?"

"ಡೇಟಾಬೇಸಿನಲ್ಲಿ ಆ ಹೆಸರಿಗೆ ಸೀಟು ಹಂಚಿಕೆಯಾದ ದಾಖಲೆ ಇಲ್ಲ."

"ಈ ಮೆಸೇಜ್ ನೀವು ಕಳ್ಸಿದ್ದೇನು?"

"ಆ ನಂಬರಿಗೆ ಅಂಥ ಮೆಸೇಜ್ ಹೋದ ದಾಖಲೆ ನಮ್ಮ ಡೇಟಾಬೇಸಿನಲ್ಲಿ ಇಲ್ಲ. ಕಳಿಸಿದ ಪ್ರತಿ ಮೆಸೇಜಿಗೂ ಅಲ್ಲಿ ದಾಖಲೆ ಇರಬೇಕು."

ಒಂದೊಂದು ವಾಕ್ಯವನ್ನೂ ಬಿಡಿಸಿ ನೋಡಿ. ಸುಳ್ಳು ಸಿಗುವುದಿಲ್ಲ. ನನ್ನ ಜೀವನದ ಅತ್ಯುತ್ತಮ ವಾದ ಅದು.

ಮಾಳಪ್ಪನವರು ನನ್ನ ಕಡೆ ತಿರುಗಿದರು. "ಮತ್ತ ಇದು ಎಲ್ಲಿಂದ ಬಂತ್ರಿ ಮೇಡಮ್?"

ನಾನು ಕಾರ್ಯದರ್ಶಿಗಳನ್ನು ನೋಡಿದೆ. ಅವರೇ ಉತ್ತರ ಕೊಟ್ಟರು: "ಈಗಿನ ಕಾಲದಾಗ ಇಂಥಾ ಸುಳ್ಳ ಮೆಸೇಜ್ ಯಾರರ ಮಾಡ್ತಾರ. ಫೋನ್ ಯಾರ ಕೈಯಾಗ ಇರ್ತದ ಮನ್ಯಾಗ?"

ಅಪ್ಪ ನಿಧಾನಕ್ಕೆ ಮಗಳ ಕಡೆ ನೋಡಿದರು. ಆ ನೋಟವನ್ನು ಅಲ್ಲಿದ್ದ ಎಲ್ಲರೂ ನೋಡಿದೆವು. ಅಂಬಿಕಾ, "ಅಪ್ಪಾ, ನಾ ಅಲ್ಲಪ್ಪಾ" ಎಂದಳು.

ಇಳಿದು ಬಂದ ಮೇಲೆ ಸರ್ ನನ್ನ ಬೆನ್ನು ತಟ್ಟಿ ಕಾರು ಹತ್ತಿದರು. ಆಟೋದಲ್ಲಿ ಫಾರೂಕ್ ಭಾಯಿ ಮತ್ತು ನಾನು. ಅವರು ಹೇಳಿದರು: "ತಂಗಿ, ನೀ ಒಂದೂ ಸುಳ್ಳ ಹೇಳಿಲ್ಲ. ಅದಕ್ಕೇ ನನಗ ಅಂಜಿಕಿ ಬರ್ಲಕತ್ತದ."

"ನೀವೂ ಅಲ್ಲೇ ಕುಂತಿದ್ರಿ ಭಾಯಿ."

"ಕುಂತಿದ್ದೆ," ಎಂದರು. "ಇಬ್ಬರು ಮಕ್ಕಳು ಸಾಲ್ಯಾಗ ಅದಾವ ಅಂತ ಹೇಳ್ಕೋತ ಕುಂತಿದ್ದೆ."

ಸುದ್ದಿ ಕಸುಬಿನವರ ಕಿವಿಗೂ ಬಿತ್ತು, ಅವರಿಗೆ ಸರ್ ಸರ್ವರ್ ಬಿದ್ದಿತ್ತು ಎಂದರು. ಮೂರು ತಿಂಗಳು ಎಳೆದೆ, ಆಮೇಲೆ ಬಿಟ್ಟೆ. ಬಿಟ್ಟದ್ದಕ್ಕೆ ದೊಡ್ಡ ಕಾರಣ ಹೇಳಿಕೊಳ್ಳಲಾರೆ. ಕೋಡ್ ಬರೆಯಲು ಕೂತರೆ ಬೆರಳು ಏಳುತ್ತಿರಲಿಲ್ಲ. ಹೋಗುವ ಮೊದಲು ಆ ಸಾಲನ್ನು ಕೆಳಗಿಳಿಸಿ ಕಮಿಟ್ ಆದ ಮೇಲೆ ಹಾಕಿ ಬಂದೆ. ಸರ್ ಮತ್ತೆ ಮೇಲಕ್ಕೆ ಹಾಕಿಸಿದ್ದಾರೆಂದು ಕೇಳಿದ್ದೇನೆ.

ಈ ಬೇಸಿಗೆಯಲ್ಲಿ ಸಂತಪುರಕ್ಕೆ ಹೋದೆ. ಮಾಳಪ್ಪನವರು ಕುರಿ ದೊಡ್ಡಿಯ ಮುಳ್ಳುಬೇಲಿ ಕಟ್ಟುತ್ತಿದ್ದರು, ಅಂಬಿಕಾ ಮರಿಗಳಿಗೆ ಹಾಲು ಕುಡಿಸುತ್ತಿದ್ದಳು. ವರ್ಷ ಪೂರ್ತಿ ಅವಳು ಮನೆಯಲ್ಲೇ. ಫೋನನ್ನು ಅವಳ ಕೈಗೆ ಕೊಡುವುದಿಲ್ಲ ಎಂದು ಅವಳವ್ವ ನೀರು ಕೊಡುತ್ತಾ ಮೆಲ್ಲಗೆ ಹೇಳಿದಳು. ನಾನು ಕಲ್ಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದೆ: ಮಂಚ, ಮೆಸೇಜು, ಆರು ಸಾಲು ಮೇಲೆ ಅಂಟಿಸಿದ್ದು, ಕೋಣೆಯಲ್ಲಿ ನಾನಾಡಿದ್ದು. ಮೆಸೇಜು ನಮ್ಮದೇ, ನಿಮ್ಮ ಮಗಳ ತಪ್ಪು ಇಲ್ಲ ಎಂದೆ.

ಮಾಳಪ್ಪನವರು ಬೇಲಿಯ ಗಂಟು ಬಿಗಿದು ಮುಗಿಸಿದರು. "ಭಾಳ ಚಂದ ಮಾತಾಡ್ತೀರಿ ಮೇಡಮ್. ಅವತ್ತೂ ಹಿಂಗೇ ಚಂದ ಮಾತಾಡಿದ್ರಿ. ಅವತ್ತು ಎಲ್ಲಾರೂ ಹೌದು ಅಂದ್ರು. ಇವತ್ತು ನೀವೊಬ್ಬರೇ ಬಂದೀರಿ."

"ಈ ಸಲ ಮತ್ತ ಅರ್ಜಿ ಹಾಕಸ್ರಿ. ಮಾರ್ಕ್ಸ್ ಚಲೋ ಅದಾವ."

"ಹಾಕೀವ್ರಿ ಮೇಡಮ್," ಅಂಬಿಕಾ ಮರಿಯ ಬಾಯಿಂದ ಬಾಟಲಿ ತೆಗೆಯದೆ ಹೇಳಿದಳು. "ಕಂಪ್ಯೂಟರ್ ತಗೊಳ್ಳಂಗಿಲ್ಲ ಅಂತದ."

ಬೀದರಕ್ಕೆ ಬಂದು ವಿಚಾರಿಸಿದೆ. ಅವಳ ಹೆಸರಿನ ಮುಂದೆ 'ಸುಳ್ಳು ಸಂದೇಶ ತೋರಿಸಿದ ಅಭ್ಯರ್ಥಿ' ಎಂಬ ಟಿಪ್ಪಣಿ ಇದೆ. ನಾವು ಮಾಡಿಕೊಟ್ಟ ಅಪ್ಲಿಕೇಶನ್ನಿನಲ್ಲೇ ಇದೆ. ಅದು ಮಾತ್ರ ಸರಿಯಾಗಿ ಕಮಿಟ್ ಆಗಿದೆ. ಕಾರ್ಯದರ್ಶಿಗಳನ್ನು ಕಂಡೆ. "ನೀವು ಕಂಪನಿ ಬಿಟ್ಟವರು, ಬಿಟ್ಟವರ ಮಾತು ಸಿಟ್ಟಿನ ಮಾತು" ಎಂದರು. "ವಿಶ್ವನಾಥ ಬಂದು ಹೇಳ್ಲಿ, ಅವತ್ತೇ ತೆಗಸ್ತೀನಿ. ಅರ್ಜಿಯ ಪಟ್ಟಿ ಈ ತಿಂಗಳ ಕೊನೀಗಿ ಮುಚ್ಚತದ." ಫಾರೂಕ್ ಭಾಯಿಗೆ ಫೋನು ಮಾಡಿದೆ. ಲಾಗ್ ಕಡತ ಸರ್ವರಿನಲ್ಲಿ ಇನ್ನೂ ಇದೆಯಂತೆ. "ಸರ್ ಬಂದ್ರ ಆ ಸಾಲು ನಾನೇ ಓದ್ತೀನಿ" ಎಂದರು. ಸರ್ ನನ್ನ ಫೋನು ಎತ್ತುವುದಿಲ್ಲ, ಆಫೀಸಿನ ಮೆಟ್ಟಿಲು ಹತ್ತಿದರೆ ಮೀಟಿಂಗಿನಲ್ಲಿರುತ್ತಾರೆ. ಆದ್ದರಿಂದ ಇಲ್ಲಿ, ಎಲ್ಲರೂ ಓದುವ ಕಡೆ, ಮೆತ್ತಗೆ ಕೇಳುತ್ತಿದ್ದೇನೆ.

ವಿಶ್ವನಾಥ ಸರ್, ಕೋಣೆ ಅದೇ ಇದೆ, ಮೇಜು ಅದೇ ಇದೆ, ಅಪ್ಪ ಮಗಳನ್ನು ಸಂತಪುರದಿಂದ ನಾನು ಕರೆದುಕೊಂಡು ಬರುತ್ತೇನೆ, ಈ ಸಲ ಅವರು ಕೂತಿರುತ್ತಾರೆ. ಆ ಮೆಸೇಜು ನಮ್ಮದು ಎಂದು ಆ ಅಪ್ಪನ ಮುಖ ನೋಡಿ ಹೇಳಲು ನೀವು ಯಾವ ದಿನ ಬರುತ್ತೀರಿ?